ಅಡುಗೆ ಸೋಡಾ, ವಿನೆಗರ್, ಬ್ಲೀಚ್ ಎಲ್ಲವನ್ನೂ ಬೆರೆಸಿದರೆ ಕಲೆ ಬೇಗ ಹೋಗುತ್ತದೆಯೇ? ಮನೆ ಕ್ಲೀನಿಂಗ್ ಫಾರ್ವರ್ಡ್‌ಗಳ ಹಿಂದಿನ ವಿಜ್ಞಾನ

ಯುಗಾದಿ, ಗೌರಿ-ಗಣೇಶ, ದೀಪಾವಳಿ ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಮನೆ ಸ್ವಚ್ಛ ಮಾಡುವ ವಿಡಿಯೋಗಳು ಓಡಾಡತೊಡಗುತ್ತವೆ. ಒಂದು ಬಟ್ಟಲಿಗೆ ಅಡುಗೆ ಸೋಡಾ, ಅದರ ಮೇಲೆ ವಿನೆಗರ್, ಸ್ವಲ್ಪ ಟೂತ್‌ಪೇಸ್ಟ್, ಅರ್ಧ ನಿಂಬೆಹಣ್ಣು, ಕೊನೆಗೆ ಒಂದು ಮುಚ್ಚಳ ಬ್ಲೀಚ್. ನೊರೆ ಉಕ್ಕುತ್ತದೆ, ಯಾರದೋ ಕೈ ಬಂದು ಟೈಲ್ಸ್ ಒರೆಸುತ್ತದೆ, ಕಲೆ ಮಾಯವಾಗುತ್ತದೆ. ಕೆಳಗೆ ‘ಕ್ಲೀನಿಂಗ್ ಕಂಪನಿಯವರು ಇದನ್ನು ಯಾರಿಗೂ ಹೇಳುವುದಿಲ್ಲ, ಎಲ್ಲರಿಗೂ ಕಳಿಸಿ’ ಎಂಬ ಸಾಲು ಇರುತ್ತದೆ.

ಇಂಥ ಫಾರ್ವರ್ಡ್‌ಗಳಲ್ಲಿ ಕೆಲವು ನಿಜ. ಕೆಲವು ಉಪಯೋಗವೂ ಇಲ್ಲ, ಅಪಾಯವೂ ಇಲ್ಲ ಎನ್ನುವಂಥವು. ಇನ್ನು ಕೆಲವು ಮಾತ್ರ ಮನೆಯ ಬಚ್ಚಲಲ್ಲೇ ವಿಷಾನಿಲ ತಯಾರಿಸುವಂಥವು. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಲು ಸ್ವಲ್ಪ ರಸಾಯನಶಾಸ್ತ್ರ ಬೇಕು. ಅದನ್ನು ಇಲ್ಲಿ ಸರಳವಾಗಿ ವಿವರಿಸಿದ್ದೇವೆ.

ಚುಟುಕಾಗಿ ಹೇಳುವುದಾದರೆ

• ಎಲ್ಲ ಕಲೆಗೂ ಒಂದೇ ಮದ್ದು ಇಲ್ಲ. ಕಲೆ ಯಾವುದರಿಂದ ಆಗಿದೆ ಎಂಬುದರ ಮೇಲೆ ಮದ್ದು ನಿರ್ಧಾರವಾಗುತ್ತದೆ.
• ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿದರೆ ಎರಡರ ಶಕ್ತಿಯೂ ಹೋಗುತ್ತದೆ.
• ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್, ಟಾಯ್ಲೆಟ್ ಕ್ಲೀನರ್, ವಿನೆಗರ್, ನಿಂಬೆರಸ ಯಾವುದನ್ನೂ ಬೆರೆಸಬಾರದು. ಕ್ಲೋರಿನ್ ಅನಿಲ ಹುಟ್ಟುತ್ತದೆ.
• ನಿಂಬೆಹಣ್ಣು, ವಿನೆಗರ್ ‘ನೈಸರ್ಗಿಕ’ವಾದರೂ ಮಾರ್ಬಲ್, ಕಡಪ ಕಲ್ಲು, ಶಹಾಬಾದ್ ಕಲ್ಲು, ಮೊಸಾಯಿಕ್ ನೆಲವನ್ನು ಹಾಳುಮಾಡುತ್ತವೆ.

ಕಲೆ ಎಂದರೆ ಏನು?

ಕೊಳೆ ಮತ್ತು ಕಲೆ ಒಂದೇ ಅಲ್ಲ. ಧೂಳು ಮೇಲೆ ಕೂತಿರುತ್ತದೆ, ಒರೆಸಿದರೆ ಹೋಗುತ್ತದೆ. ಕಲೆ ಬಟ್ಟೆಯ ನೂಲಿಗೋ ಕಲ್ಲಿನ ಸಣ್ಣ ರಂಧ್ರಗಳಿಗೋ ಇಳಿದಿರುತ್ತದೆ, ಇಲ್ಲವೇ ಮೇಲ್ಮೈಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯಲು ಮೂರೇ ದಾರಿ: ಕರಗಿಸುವುದು, ಒಡೆಯುವುದು ಅಥವಾ ಬಣ್ಣ ಕಳೆಯುವುದು.

ನಮ್ಮ ಮನೆಗಳಲ್ಲಿ ಕಾಣುವ ಕಲೆಗಳನ್ನು ಐದು ಗುಂಪು ಮಾಡಬಹುದು.

ಜಿಡ್ಡು: ಒಗ್ಗರಣೆ ಎಣ್ಣೆ, ತುಪ್ಪ, ದೀಪದ ಎಣ್ಣೆ. ಇವು ನೀರಿಗೆ ಬಗ್ಗುವುದಿಲ್ಲ. ಸೋಪಿನ ಕಣದ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದ ಜಿಡ್ಡು ನೀರಿನ ಜೊತೆ ಹೊರಟುಹೋಗುತ್ತದೆ. ಸೀಗೆಕಾಯಿ, ಅಂಟುವಾಳಕಾಯಿಗಳಲ್ಲಿರುವ ಸಪೋನಿನ್ ಮಾಡುವುದೂ ಇದೇ ಕೆಲಸವನ್ನು.

ಉಪ್ಪಿನ ಪದರ: ನಲ್ಲಿ, ಬಕೆಟ್, ಟೈಲ್ಸ್ ಮೇಲೆ ಕೂರುವ ಬಿಳಿ ಕಲೆ. ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದಾಗ ಅಲ್ಲೇ ಉಳಿದುಬಿಡುತ್ತವೆ. ಇದು ಆಮ್ಲಕ್ಕೆ ಕರಗುತ್ತದೆ, ಸೋಪಿಗೆ ಕರಗುವುದಿಲ್ಲ.

ಪ್ರೋಟೀನ್: ರಕ್ತ, ಹಾಲು, ಮೊಟ್ಟೆ, ಬೆವರು. ಬಿಸಿ ತಾಗಿದರೆ ಗಟ್ಟಿಯಾಗುತ್ತವೆ.

ಬಣ್ಣ: ಅರಿಶಿನ, ಕಾಫಿ, ಟೀ, ಎಲೆಅಡಿಕೆ, ಬಾಳೆಕಾಯಿಯ ಸೊನೆ. ಇವುಗಳ ಬಣ್ಣದ ಕಣಗಳನ್ನೇ ಒಡೆಯಬೇಕು.

ತುಕ್ಕು: ಕಬ್ಬಿಣದ ಆಕ್ಸೈಡ್. ಸೋಪು, ಬ್ಲೀಚ್ ಎರಡೂ ಇದರ ಮುಂದೆ ನಿಷ್ಪ್ರಯೋಜಕ.

ಈ ಐದು ಗುಂಪು ನೆನಪಿದ್ದರೆ ಅರ್ಧದಷ್ಟು ಫಾರ್ವರ್ಡ್‌ಗಳನ್ನು ನೀವೇ ಪರೀಕ್ಷಿಸಬಹುದು. ಈಗ ಒಂದೊಂದೇ ಹೇಳಿಕೆಯನ್ನು ನೋಡೋಣ.

ಹೇಳಿಕೆ 1: ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿದರೆ ಯಾವ ಕಲೆಯಾದರೂ ಹೋಗುತ್ತದೆ

ಸತ್ಯ: ಬೆರೆಸಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಅಡುಗೆ ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದಾಗ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹೊರಟುಹೋಗುತ್ತದೆ. ಬಟ್ಟಲಲ್ಲಿ ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ ಉಳಿಯುತ್ತದೆ. ಉಪ್ಪಿನ ಪದರ ಕರಗಿಸುವ ಆಮ್ಲವೂ ಇಲ್ಲ, ಜಿಡ್ಡಿಗೆ ಸಹಾಯ ಮಾಡುವ ಕ್ಷಾರವೂ ಇಲ್ಲ. ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಸೋಡಾವನ್ನು ಪೂರ್ತಿ ನಿಷ್ಕ್ರಿಯಗೊಳಿಸಲು ಶೇ 5ರ ವಿನೆಗರ್ ಸುಮಾರು 70 ಮಿಲಿ ಲೀಟರ್ ಸಾಕು.

ಹಾಗಾದರೆ ವಿಡಿಯೋದಲ್ಲಿ ಕಲೆ ಹೋಗಿದ್ದು ಹೇಗೆ? ಗುಳ್ಳೆಗಳು ಸಡಿಲವಾದ ಕೊಳೆಯನ್ನು ಸ್ವಲ್ಪ ಎಬ್ಬಿಸುತ್ತವೆ. ಕರಗದೆ ಉಳಿದ ಸೋಡಾ ಪುಡಿ ನಯವಾದ ಮರಳಿನಂತೆ ಉಜ್ಜುತ್ತದೆ. ಉಳಿದಿದ್ದು ಉಜ್ಜುವ ಕೈಯ ಕೆಲಸ. ನೊರೆ ನೋಡಲು ಚೆನ್ನ, ಅಷ್ಟೇ.

ಇವೆರಡನ್ನೂ ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಬೆಲೆಯಿದೆ. ಸ್ಟೀಲ್ ಸಿಂಕ್ ಉಜ್ಜಲು, ಫ್ರಿಜ್‌ನ ವಾಸನೆಗೆ ಸೋಡಾ. ನಲ್ಲಿಯ ಬಿಳಿ ಪದರಕ್ಕೆ ವಿನೆಗರ್. ಒಂದು ಎಚ್ಚರಿಕೆ ಮಾತ್ರ ಇರಲಿ. ಇವೆರಡನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಬೇಡಿ. ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು.

ಹೇಳಿಕೆ 2: ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಸೇರಿಸಿದರೆ ಡಬಲ್ ಪವರ್

ಸತ್ಯ: ಇದು ಅತ್ಯಂತ ಅಪಾಯಕಾರಿ. ದಯವಿಟ್ಟು ಇದನ್ನು ಮಾಡಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ.

ಮನೆಗೆ ತರುವ ದ್ರವ ಬ್ಲೀಚ್‌ನಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಇರುತ್ತದೆ. ಬ್ಲೀಚಿಂಗ್ ಪೌಡರ್‌ನಲ್ಲಿ ಅದರ ಸೋದರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಇರುತ್ತದೆ. ನಮ್ಮಲ್ಲಿ ಸಿಗುವ ಹಲವು ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ. ಅಂಗಡಿಯಲ್ಲಿ ‘ಆಸಿಡ್’ ಎಂದು ಕೇಳಿ ತರುವ ಬಾಟಲಿಯಲ್ಲಿ ಇರುವುದೂ ಸಾಮಾನ್ಯವಾಗಿ ಅದೇ. ಇವು ಸೇರಿದ ಕ್ಷಣ ಕ್ಲೋರಿನ್ ಅನಿಲ ಹೊರಬರುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಎದುರಾಳಿಗಳ ಮೇಲೆ ಬಿಟ್ಟಿದ್ದು ಇದೇ ಅನಿಲವನ್ನು.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಹಾಗಾಗಿ ಮೇಲೆ ಹೋಗದೆ ನೆಲದ ಬಳಿ ನಿಲ್ಲುತ್ತದೆ. ಈಗ ನಮ್ಮ ಬಚ್ಚಲುಮನೆಗಳನ್ನು ನೆನಪಿಸಿಕೊಳ್ಳಿ. ಚಿಕ್ಕ ಜಾಗ, ಒಂದೇ ಸಣ್ಣ ಕಿಟಕಿ, ನೀರು ಹೊರಗೆ ಚಿಮ್ಮದಿರಲಿ ಎಂದು ಮುಚ್ಚಿದ ಬಾಗಿಲು. ತೊಳೆಯುವವರು ಕುಕ್ಕರಗಾಲಲ್ಲಿ ಕೂತು ನೆಲ ಉಜ್ಜುತ್ತಿರುತ್ತಾರೆ. ಅವರ ಮೂಗು ಅನಿಲ ಇರುವ ಮಟ್ಟದಲ್ಲೇ ಇರುತ್ತದೆ. ಕಣ್ಣುರಿ, ಕೆಮ್ಮು, ಎದೆ ಬಿಗಿತ ಶುರುವಾಗುತ್ತದೆ. ಹೆಚ್ಚು ಒಳಗೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಈ ತೊಂದರೆ ಕೆಲವೊಮ್ಮೆ ತಕ್ಷಣ ಕಾಣದೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತದೆ. ಅಸ್ತಮಾ ಇರುವವರಿಗೆ ಅಪಾಯ ಇನ್ನೂ ಜಾಸ್ತಿ.

ವಿನೆಗರ್, ನಿಂಬೆರಸದಂಥ ದುರ್ಬಲ ಆಮ್ಲ ಬೆರೆಸಿದರೂ ಕ್ಲೋರಿನ್ ಬರುತ್ತದೆ. ಬ್ಲೀಚ್ ಜೊತೆ ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿದರೆ ಕ್ಲೋರಮೈನ್ ಎಂಬ ಇನ್ನೊಂದು ವಿಷಾನಿಲ ಹುಟ್ಟುತ್ತದೆ. ಮೂತ್ರದಲ್ಲೂ ಅಮೋನಿಯಾ ಉಂಟಾಗುವುದರಿಂದ ಮೊದಲು ಚೆನ್ನಾಗಿ ನೀರು ಹಾಕಿ, ಆಮೇಲೆ ಬ್ಲೀಚ್ ಬಳಸಿ. ಸ್ಪಿರಿಟ್, ಸ್ಯಾನಿಟೈಸರ್ ಕೂಡ ಬ್ಲೀಚ್‌ಗೆ ಸೇರಬಾರದು.

ಇದು ಬರೀ ಹೆದರಿಸುವ ಮಾತಲ್ಲ. ಕೋವಿಡ್ ಶುರುವಾದಾಗ ಅಮೆರಿಕದಲ್ಲಿ ಜನ ಕಂಡಕಂಡದ್ದನ್ನೆಲ್ಲ ಬ್ಲೀಚ್‌ನಲ್ಲಿ ತೊಳೆಯತೊಡಗಿದರು. 2020ರ ಜನವರಿಯಿಂದ ಮಾರ್ಚ್‌ವರೆಗೆ ಕ್ಲೀನರ್ ಮತ್ತು ಸೋಂಕುನಿವಾರಕಗಳಿಂದ ತೊಂದರೆಯಾಗಿದೆ ಎಂದು ಅಲ್ಲಿನ ವಿಷ ಮಾಹಿತಿ ಕೇಂದ್ರಗಳಿಗೆ 45,550 ಕರೆಗಳು ಬಂದವು. ಹಿಂದಿನ ವರ್ಷದ ಅದೇ ಅವಧಿಗಿಂತ ಇದು ಶೇ 20.4ರಷ್ಟು ಹೆಚ್ಚು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಏಪ್ರಿಲ್‌ನಲ್ಲಿ ಪ್ರಕಟಿಸಿದ ಆ ವರದಿಯಲ್ಲಿ ಒಬ್ಬ ಮಹಿಳೆಯ ಪ್ರಕರಣವಿದೆ. ಅಂಗಡಿಯಿಂದ ತಂದ ತರಕಾರಿಯನ್ನು ನೆನೆಸಲು ಅವರು ಸಿಂಕ್‌ನಲ್ಲಿ ಬ್ಲೀಚ್, ವಿನೆಗರ್ ಮತ್ತು ಬಿಸಿನೀರು ಬೆರೆಸಿದ್ದರು. ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಹೋಗಬೇಕಾಯಿತು. ತರಕಾರಿ ತೊಳೆಯಲು ಹರಿಯುವ ನೀರೇ ಸಾಕಿತ್ತು.

ಇನ್ನೊಂದು ವಿಷಯ. ಎಲ್ಲ ಟಾಯ್ಲೆಟ್ ಕ್ಲೀನರ್‌ಗಳೂ ಆಮ್ಲವಲ್ಲ, ಕೆಲವು ಬ್ಲೀಚ್‌ನಿಂದ ಮಾಡಿದವು. ಆದ್ದರಿಂದ ಹಳೆಯ ಬಾಟಲಿಯ ತಳದಲ್ಲಿ ಉಳಿದದ್ದನ್ನು ಹೊಸ ಬಾಟಲಿಗೆ ಸುರಿಯಬೇಡಿ. ಇವತ್ತು ಒಂದು ಹಾಕಿ ಕಲೆ ಹೋಗಲಿಲ್ಲವೆಂದು ಅದರ ಮೇಲೇ ಇನ್ನೊಂದನ್ನು ಹಾಕಬೇಡಿ.

ಹೇಳಿಕೆ 3: ನಿಂಬೆಹಣ್ಣು, ವಿನೆಗರ್ ನೈಸರ್ಗಿಕ, ಎಲ್ಲಿ ಬೇಕಾದರೂ ಬಳಸಬಹುದು

ಸತ್ಯ: ನಲ್ಲಿಗೆ ಒಳ್ಳೆಯದು, ಅನೇಕ ಕಲ್ಲಿನ ನೆಲಗಳಿಗೆ ಕೆಟ್ಟದ್ದು.

ಗಡಸು ನೀರಿನ ಬಿಳಿ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ನಿಗದಿ ಮಾಡಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್‌ವೆಲ್ ನೀರಿನ ಗಡಸುತನ ಹೆಚ್ಚಾದಷ್ಟೂ ನಲ್ಲಿಯ ಮೇಲಿನ ಪದರ ದಪ್ಪವಾಗುತ್ತದೆ. ಇದಕ್ಕೆ ವಿನೆಗರ್, ನಿಂಬೆರಸ, ಹುಣಸೆಹಣ್ಣಿನ ನೀರು ನಿಜಕ್ಕೂ ಕೆಲಸ ಮಾಡುತ್ತವೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು, ಉಜ್ಜಿ, ನೀರು ಹಾಕಿ ಒರೆಸಿದರೆ ಸಾಕು. ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವ ಅಜ್ಜಿಯರ ಪದ್ಧತಿಯೂ ಇದೇ ವಿಜ್ಞಾನ. ಹುಣಸೆಯ ಟಾರ್ಟಾರಿಕ್ ಆಮ್ಲ ಲೋಹದ ಮೇಲಿನ ಕಪ್ಪು ಆಕ್ಸೈಡ್ ಪದರವನ್ನು ಕರಗಿಸುತ್ತದೆ.

ಆದರೆ ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ. ಅಡುಗೆಮನೆ ಕಟ್ಟೆಯ ಕರಿ ಕಡಪ ಕಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ. ಆಮ್ಲಕ್ಕೆ ಕಲೆಯ ಸುಣ್ಣ ಯಾವುದು, ಕಲ್ಲಿನ ಸುಣ್ಣ ಯಾವುದು ಎಂದು ಗೊತ್ತಾಗುವುದಿಲ್ಲ. ಕಲೆಯ ಜೊತೆ ಕಲ್ಲಿನ ಹೊಳಪನ್ನೂ ತಿನ್ನುತ್ತದೆ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ಮೊಸಾಯಿಕ್ ನೆಲಗಳಲ್ಲಿ ಸಿಮೆಂಟ್ ಇರುವುದರಿಂದ ಅವುಗಳ ಗತಿಯೂ ಅಷ್ಟೇ. ಒಮ್ಮೆ ಮಸುಕಾದ ಮಾರ್ಬಲ್‌ಗೆ ಮತ್ತೆ ಪಾಲಿಶ್ ಮಾಡಿಸುವುದೊಂದೇ ದಾರಿ.

ಈ ನೆಲಗಳಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ ಹಾಕಿದ ನೀರು ಸಾಕು. ಗ್ರಾನೈಟ್ ಮತ್ತು ಗ್ಲೇಜ್ ಇರುವ ಟೈಲ್ಸ್ ಆಮ್ಲವನ್ನು ತಕ್ಕಮಟ್ಟಿಗೆ ತಡೆಯುತ್ತವೆ, ಆದರೆ ಟೈಲ್ಸ್ ನಡುವಿನ ಸಿಮೆಂಟ್ ಸಂದು ತಡೆಯುವುದಿಲ್ಲ.

ಹೇಳಿಕೆ 4: ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಾಗುತ್ತದೆ, ಅರಿಶಿನ ಕಲಬೆರಕೆ ಇದ್ದದ್ದಕ್ಕೆ ಹೀಗೆ

ಸತ್ಯ: ಕಲೆ ಕೆಂಪಾಗುವುದು ನಿಜ, ಕಾರಣ ಸುಳ್ಳು.

ಅರಿಶಿನದ ಹಳದಿ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಕ್ಷಾರ ಸಿಕ್ಕಿದರೆ ಅದು ಕೆಂಪಾಗುತ್ತದೆ. ಬಟ್ಟೆ ಸೋಪು ಕ್ಷಾರವಾದ್ದರಿಂದ ಸಾರಿನ ಕಲೆಗೆ ಸೋಪು ತಿಕ್ಕಿದಾಗ ಕೆಂಪು ಕಾಣುತ್ತದೆ. ಇದನ್ನು ನಾವೆಲ್ಲ ಬೇರೆ ಕಡೆ ನೋಡಿಯೇ ಇದ್ದೇವೆ. ಆರತಿಗೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಓಕುಳಿ ಮಾಡುವುದಿಲ್ಲವೇ? ಅದೇ ಕ್ರಿಯೆ ನಿಮ್ಮ ಅಂಗಿಯ ಮೇಲೂ ನಡೆಯುತ್ತದೆ. ನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ ಸೋಪು ಹೋದ ಮೇಲೆ ಮತ್ತೆ ಹಳದಿಯಾಗುತ್ತದೆ. ಶುದ್ಧ ಅರಿಶಿನವೇ ಹೀಗೆ ಬಣ್ಣ ಬದಲಿಸುತ್ತದೆ.

ಕರ್ಕ್ಯುಮಿನ್ ನೀರಿಗಿಂತ ಎಣ್ಣೆ ಮತ್ತು ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಅದರ ದೊಡ್ಡ ದೌರ್ಬಲ್ಯ ಬಿಸಿಲು. ಬೆಳಕು ತಾಗಿದರೆ ಅದರ ಕಣಗಳು ಒಡೆಯುತ್ತವೆ. ಆದ್ದರಿಂದ ಬಟ್ಟೆಯನ್ನು ಮೊದಲು ಲಿಕ್ವಿಡ್ ಸೋಪಿನಲ್ಲಿ ಒಗೆದು ಸಾರಿನ ಎಣ್ಣೆ ತೆಗೆಯಿರಿ. ಆಮೇಲೆ ಒದ್ದೆ ಇರುವಾಗಲೇ ಬಿಸಿಲಿಗೆ ಹಾಕಿ. ಒಂದೆರಡು ದಿನ ಬೇಕಾಗಬಹುದು, ಆದರೆ ಖರ್ಚಿಲ್ಲದ ಉಪಾಯ ಇದು. ಬಣ್ಣದ ಬಟ್ಟೆಯಾದರೆ ಬಿಸಿಲಿಗೆ ಅದರ ಬಣ್ಣವೂ ಮಾಸಬಹುದು, ಗಮನವಿರಲಿ.

ಹೇಳಿಕೆ 5: ಯಾವ ಕಲೆಯಾದರೂ ಕುದಿಯುವ ನೀರು ಹಾಕಿದರೆ ಹೋಗುತ್ತದೆ

ಸತ್ಯ: ಜಿಡ್ಡಿಗೆ ಸರಿ, ರಕ್ತ ಮತ್ತು ಹಾಲಿನ ಕಲೆಗೆ ತಪ್ಪು.

ಮೊಟ್ಟೆ ಬೇಯಿಸಿದಾಗ ಏನಾಗುತ್ತದೋ ರಕ್ತದ ಕಲೆಗೆ ಬಿಸಿನೀರು ಹಾಕಿದಾಗ ಅದೇ ಆಗುತ್ತದೆ. ಪ್ರೋಟೀನ್ ಗಟ್ಟಿಯಾಗಿ ನೂಲನ್ನು ಹಿಡಿದುಕೊಳ್ಳುತ್ತದೆ. ಮುಟ್ಟಿನ ಬಟ್ಟೆಯಿರಲಿ, ಗಾಯದ ರಕ್ತವಿರಲಿ, ಮೊದಲು ತಣ್ಣೀರು. ಹಳೆಯ ಕಲೆಯಾದರೆ ಪ್ರೋಟೀನ್ ಒಡೆಯುವ ಎನ್‌ಜೈಮ್ ಇರುವ ಡಿಟರ್ಜೆಂಟ್‌ನಲ್ಲಿ ನೆನೆಸಿ. ಬಿಳಿ ಬಟ್ಟೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಆಗುತ್ತದೆ. ರಕ್ತಕ್ಕೆ ತಾಗಿದಾಗ ನೊರೆ ಬಂದರೆ ಗಾಬರಿಯಾಗಬೇಡಿ. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಎನ್‌ಜೈಮ್ ಪೆರಾಕ್ಸೈಡನ್ನು ಒಡೆದು ಆಮ್ಲಜನಕ ಬಿಡುಗಡೆ ಮಾಡುವುದರಿಂದ ಹಾಗಾಗುತ್ತದೆ.

ನಮ್ಮ ಫಿಲ್ಟರ್ ಕಾಫಿಯಲ್ಲಿ ಹಾಲಿದೆ. ಹಾಗಾಗಿ ಅದಕ್ಕೂ ಮೊದಲು ತಣ್ಣೀರು, ನಂತರ ಸೋಪು, ಕೊನೆಗೆ ಬಣ್ಣ ಉಳಿದರೆ ಆಕ್ಸಿಜನ್ ಬ್ಲೀಚ್.

ರೇಷ್ಮೆ ಸೀರೆಯ ವಿಷಯ ಬೇರೆ. ರೇಷ್ಮೆ ಎಂದರೇ ಪ್ರೋಟೀನ್. ಎನ್‌ಜೈಮ್ ಡಿಟರ್ಜೆಂಟ್ ಕಲೆಯ ಜೊತೆ ಸೀರೆಯ ನೂಲನ್ನೂ ತಿನ್ನಬಹುದು. ಕ್ಲೋರಿನ್ ಬ್ಲೀಚ್ ರೇಷ್ಮೆ, ಉಣ್ಣೆ ಎರಡನ್ನೂ ಹಾಳುಮಾಡುತ್ತದೆ. ಮೈಸೂರು ರೇಷ್ಮೆ ಸೀರೆಗೆ ಸಾರು ಚೆಲ್ಲಿದರೆ ಉಜ್ಜದೆ, ಬಟ್ಟೆಯಿಂದ ಒತ್ತಿ ಹೀರಿಸಿ, ಡ್ರೈ ಕ್ಲೀನಿಂಗ್‌ಗೆ ಕೊಡಿ. ಯಾವುದರ ಕಲೆ ಎಂದು ಅವರಿಗೆ ಹೇಳುವುದನ್ನು ಮರೆಯಬೇಡಿ.

ಹೇಳಿಕೆ 6: ಕೋಲಾ ಟಾಯ್ಲೆಟ್ ತೊಳೆಯುತ್ತದೆ, ಅಂದಮೇಲೆ ಹೊಟ್ಟೆಯ ಗತಿ ಏನು?

ಸತ್ಯ: ಎರಡು ಬೇರೆ ಮಾತುಗಳನ್ನು ಒಂದೇ ದಾರದಲ್ಲಿ ಪೋಣಿಸಲಾಗಿದೆ.

ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇರುವುದರಿಂದ ಉಪ್ಪಿನ ಪದರ ಸ್ವಲ್ಪ ಸಡಿಲವಾಗಬಹುದು. ಆದರೆ ಸಕ್ಕರೆ ಅಂಟಾಗಿ ಉಳಿದು ಇರುವೆಗಳನ್ನು ಕರೆಯುತ್ತದೆ. ಅದರ ಬದಲು ಸಿಟ್ರಿಕ್ ಆಮ್ಲದ ಪುಡಿ ಅಗ್ಗ, ಪರಿಣಾಮವೂ ಹೆಚ್ಚು. ಇನ್ನು ಹೊಟ್ಟೆಯ ವಿಷಯ. ನಮ್ಮ ಜಠರದಲ್ಲೇ ಹೈಡ್ರೋಕ್ಲೋರಿಕ್ ಆಮ್ಲವಿದೆ, ಅದು ಕೋಲಾಗಿಂತ ಪ್ರಬಲ. ಕೋಲಾ ಕಡಿಮೆ ಕುಡಿಯಲು ಸಕ್ಕರೆ ಮತ್ತು ಹಲ್ಲಿನ ಸವೆತ ಎಂಬ ನಿಜವಾದ ಕಾರಣಗಳೇ ಸಾಕು.

ಕಲೆಗೊಂದು ಮದ್ದು

ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬಹುದು.

• ಬಟ್ಟೆಯ ಮೇಲೆ ಎಣ್ಣೆ: ಕಡಲೆಹಿಟ್ಟು ಅಥವಾ ಟಾಲ್ಕಂ ಪೌಡರ್ ಉದುರಿಸಿ ಹೀರಿಸಿ, ನಂತರ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಒಗೆಯಿರಿ.
• ಚಿಮಣಿ, ಎಕ್ಸಾಸ್ಟ್ ಫ್ಯಾನಿನ ಅಂಟು ಜಿಡ್ಡು: ಬಿಸಿ ಮತ್ತು ಗಾಳಿಗೆ ಎಣ್ಣೆ ವಾರ್ನಿಷ್‌ನಂತೆ ಗಟ್ಟಿಯಾಗಿರುತ್ತದೆ. ಬಿಚ್ಚಿ ತೆಗೆಯುವ ಸ್ಟೀಲ್ ಭಾಗವನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ. ಅಲ್ಯೂಮಿನಿಯಂ ಜಾಲರಿಗೆ ಇದು ಬೇಡ, ಕಪ್ಪಾಗುತ್ತದೆ. ಅದಕ್ಕೆ ಲಿಕ್ವಿಡ್ ಸೋಪು ಸಾಕು. ಫ್ಯಾನ್ ಮುಟ್ಟುವ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಮೋಟಾರಿಗೆ ನೀರು ತಾಗಬಾರದು.
• ಬಾಲ್ ಪೆನ್ ಇಂಕು: ಕಲೆಯ ಕೆಳಗೆ ಹಳೆ ಬಟ್ಟೆ ಇಟ್ಟು, ಹತ್ತಿಯಲ್ಲಿ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಒತ್ತಿ. ಉಜ್ಜಿದರೆ ಹರಡುತ್ತದೆ.
• ಟೀ, ಕಪ್ಪು ಕಾಫಿ, ಎಲೆಅಡಿಕೆ: ತಕ್ಷಣ ನೀರು. ಉಳಿದರೆ ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಪುಡಿ. ರೇಷ್ಮೆ, ಉಣ್ಣೆಗೆ ಬೇಡ.
• ಬಾಳೆಕಾಯಿಯ ಸೊನೆ: ಒಣಗಿ ಕಂದಾದ ಮೇಲೆ ತೆಗೆಯುವುದು ಬಹಳ ಕಷ್ಟ. ಹೆಚ್ಚುವ ಮೊದಲೇ ಕೈಗೆ, ಚಾಕುವಿಗೆ ಎಣ್ಣೆ ಹಚ್ಚಿಕೊಳ್ಳಿ.
• ಹಲಸಿನ ಮೇಣ: ನೀರು, ಸೋಪಿಗೆ ಮೊದಲು ಕೊಬ್ಬರಿ ಎಣ್ಣೆ. ಮೇಣ ಎಣ್ಣೆಯಲ್ಲಿ ಬಿಟ್ಟುಕೊಂಡ ಮೇಲೆ ಸೋಪು.
• ತುಕ್ಕು: ನಿಂಬೆರಸ ಅಥವಾ ಸಿಟ್ರಿಕ್ ಆಮ್ಲ. ಬ್ಲೀಚ್ ಹಾಕಬೇಡಿ. ನೀರಿನಲ್ಲಿ ಕರಗಿರುವ ಕಬ್ಬಿಣವನ್ನು ಅದೇ ತುಕ್ಕಾಗಿ ಮಾಡಿ ಕಲೆ ಹೆಚ್ಚಿಸಬಹುದು.
• ಮಳೆಗಾಲದ ಬೂಷ್ಟು: ಬ್ಲೀಚ್ ಬಣ್ಣ ಕಳೆಯುತ್ತದೆ, ಆದರೆ ಗೋಡೆಯ ತೇವ ಹೋಗದಿದ್ದರೆ ಬೂಷ್ಟು ಮತ್ತೆ ಬರುತ್ತದೆ. ಸೋರಿಕೆ ಸರಿಪಡಿಸಿ, ಗಾಳಿಯಾಡಲು ಬಿಡಿ.

ಕ್ಲೀನಿಂಗ್ ಕಂಪನಿಯವರ ‘ಗುಟ್ಟು’ ಏನು?

ಗುಟ್ಟೇನೂ ಇಲ್ಲ. 1959ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ರಸಾಯನ ತಜ್ಞ ಹರ್ಬರ್ಟ್ ಸಿನ್ನರ್ ಇದನ್ನು ಒಂದು ವೃತ್ತವಾಗಿ ಬರೆದು ತೋರಿಸಿದರು. ಸ್ವಚ್ಛತೆಗೆ ನಾಲ್ಕು ಅಂಶಗಳು ಬೇಕು: ರಾಸಾಯನಿಕ, ಉಜ್ಜುವಿಕೆ, ಬಿಸಿ ಮತ್ತು ಸಮಯ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಬೇಕು. ವೃತ್ತಿಪರ ಸ್ವಚ್ಛತೆಯ ತರಬೇತಿಗಳಲ್ಲಿ ಇಂದಿಗೂ ಇದನ್ನು ಹೇಳಿಕೊಡುತ್ತಾರೆ.

ಮನೆಯಲ್ಲಿ ನಾವು ಬಿಟ್ಟುಬಿಡುವುದು ನಾಲ್ಕನೆಯದನ್ನು, ಅಂದರೆ ಸಮಯವನ್ನು. ಸ್ಪ್ರೇ ಮಾಡಿದ ಮರುಕ್ಷಣವೇ ಒರೆಸುತ್ತೇವೆ. ಕಲೆ ಹೋಗದಿದ್ದಾಗ ಇನ್ನೂ ಗಟ್ಟಿ ರಾಸಾಯನಿಕ ಹುಡುಕುತ್ತೇವೆ, ಇಲ್ಲವೇ ಇನ್ನೊಂದನ್ನು ಬೆರೆಸುತ್ತೇವೆ. ಅನುಭವಿ ಕ್ಲೀನರ್ ಹಾಗೆ ಮಾಡುವುದಿಲ್ಲ. ಹಾಕಿ ಹತ್ತು ನಿಮಿಷ ಬಿಡುತ್ತಾರೆ, ಅಷ್ಟರಲ್ಲಿ ಬೇರೆ ಕೋಣೆಯ ಧೂಳು ತೆಗೆಯುತ್ತಾರೆ. ಫ್ಯಾನ್, ಅಟ್ಟದಿಂದ ಶುರುಮಾಡಿ ನೆಲಕ್ಕೆ ಬರುತ್ತಾರೆ. ಒಣ ಕೊಳೆ ತೆಗೆದ ಮೇಲೆ ನೀರು ಮುಟ್ಟುತ್ತಾರೆ. ಹೊಸ ರಾಸಾಯನಿಕವನ್ನು ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡುತ್ತಾರೆ. ಕೊನೆಗೆ ನೀರಿನಿಂದ ತೊಳೆದು ಒರೆಸಿ ಒಣಗಿಸುತ್ತಾರೆ, ಏಕೆಂದರೆ ಉಳಿದ ಸೋಪಿನ ಪದರ ಮತ್ತೆ ಧೂಳು ಹಿಡಿಯುತ್ತದೆ. ಇವೆಲ್ಲವನ್ನೂ ನಾವೂ ಮಾಡಬಹುದು.

ನೀವು ಡೀಪ್ ಕ್ಲೀನಿಂಗ್‌ಗೆ ಯಾರನ್ನಾದರೂ ಕರೆಸಿದರೆ ಮೊದಲೇ ಮೂರು ಪ್ರಶ್ನೆ ಕೇಳಿ. ಯಾವ ರಾಸಾಯನಿಕ ಬಳಸುತ್ತೀರಿ? ನಮ್ಮ ನೆಲ ಮಾರ್ಬಲ್ ಅಥವಾ ಕಡಪ, ಅದಕ್ಕೆ ಆಗುತ್ತದೆಯೇ? ಕೆಲಸಗಾರರಿಗೆ ಕೈಗವಸು ಇದೆಯೇ? ಲೇಬಲ್ ಇಲ್ಲದ ಬಾಟಲಿಯಲ್ಲಿ ಏನೋ ತಂದಿದ್ದರೆ ಬೇಡ ಎನ್ನಿ. ಬಚ್ಚಲಿಗೆ ಆಸಿಡ್ ಸುರಿದರೆ ಹತ್ತು ನಿಮಿಷದಲ್ಲಿ ಟೈಲ್ಸ್ ಬೆಳ್ಳಗಾಗುತ್ತದೆ, ನಿಜ. ಆದರೆ ಸಂದಿನ ಸಿಮೆಂಟ್ ಕರಗುತ್ತದೆ, ಸ್ಟೀಲ್ ನಲ್ಲಿ ಕಪ್ಪಾಗುತ್ತದೆ, ಆ ಹೊಗೆ ಕುಡಿಯುವವರು ಕೆಲಸದವರು. ಆಸಿಡ್ ಮಾರಾಟಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ನಿರ್ಬಂಧ ಹಾಕಿದೆ ಎಂಬುದೂ ನೆನಪಿರಲಿ. ಖರೀದಿಸುವವರು ಗುರುತಿನ ಚೀಟಿ ತೋರಿಸಬೇಕು, ಕಾರಣ ಹೇಳಬೇಕು, 18 ವರ್ಷ ತುಂಬಿರಬೇಕು.

ಮನೆಕೆಲಸಕ್ಕೆ ಬರುವ ಅಕ್ಕನಿಗೂ ಇದೇ ಮಾತು. ಒಂದು ಜೊತೆ ರಬ್ಬರ್ ಕೈಗವಸು, ಉದ್ದ ಹಿಡಿಯ ಬ್ರಷ್, ತೆರೆದ ಬಾಗಿಲು ಮತ್ತು ‘ಕಲೆ ಹೋಗದಿದ್ದರೆ ಬಿಡಿ, ಎರಡು ಬಾಟಲಿ ಬೆರೆಸಬೇಡಿ’ ಎಂಬ ಒಂದು ಮಾತು. ಬಾಟಲಿಯ ಮೇಲಿನ ಇಂಗ್ಲಿಷ್ ಎಚ್ಚರಿಕೆ ಅವರಿಗೆ ಓದಲು ಆಗದಿರಬಹುದು. ನಾವು ಓದಿ ಹೇಳಬೇಕು.

ಅನಾಹುತವಾದರೆ ಏನು ಮಾಡಬೇಕು?

• ಕಟುವಾದ ವಾಸನೆ, ಕಣ್ಣುರಿ, ಕೆಮ್ಮು ಬಂದರೆ ಎಲ್ಲ ಬಿಟ್ಟು ತಕ್ಷಣ ಹೊರಗೆ ಗಾಳಿಗೆ ಬನ್ನಿ. ಬಾಟಲಿ ಎತ್ತಿಡಲು, ನೀರು ಸುರಿಯಲು ಮತ್ತೆ ಒಳಗೆ ಹೋಗಬೇಡಿ.
• ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಚರ್ಮಕ್ಕೆ ತಾಗಿದರೆ ಬಟ್ಟೆ ತೆಗೆದು ಧಾರಾಳವಾಗಿ ನೀರು ಹಾಕಿ.
• ಮಗು ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಬಂದ ದಾರಿಯಲ್ಲೇ ಅದು ಮತ್ತೊಮ್ಮೆ ಸುಡುತ್ತದೆ. ನಿಂಬೆರಸ, ಸೋಡಾ ಕುಡಿಸಬೇಡಿ. ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ.
• ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಮೊದಲು ಸರಿಯಾಗಿದ್ದು ಕೆಲವು ಗಂಟೆಗಳ ನಂತರ ಉಸಿರು ಕಟ್ಟಿದರೂ ಆಸ್ಪತ್ರೆಗೆ ಹೋಗಿ.
• ಆಸಿಡ್, ಫಿನಾಯಿಲ್, ಬ್ಲೀಚ್ ಯಾವುದನ್ನೂ ನೀರಿನ ಅಥವಾ ಜ್ಯೂಸ್ ಬಾಟಲಿಯಲ್ಲಿ ತುಂಬಿಡಬೇಡಿ. ಬಾಯಾರಿದ ಮಗುವಿಗೆ ಕಾಣುವುದು ಬಾಟಲಿ ಮಾತ್ರ.

ಕೊನೆಯ ಮಾತು

ಮುಂದಿನ ಬಾರಿ ಕ್ಲೀನಿಂಗ್ ವಿಡಿಯೋ ಬಂದಾಗ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ಕಲೆಗೆ ಎಂದು ಹೇಳಿದ್ದಾರೆಯೇ? ಎರಡು ಬಾಟಲಿಗಳನ್ನು ಬೆರೆಸಲು ಹೇಳಿದ್ದಾರೆಯೇ? ಮೊದಲನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಎರಡನೆಯದಕ್ಕೆ ‘ಹೌದು’ ಎಂದಾದರೆ, ಅದರಲ್ಲೂ ಒಂದು ಬ್ಲೀಚ್ ಆಗಿದ್ದರೆ, ಅಳಿಸಿಬಿಡಿ. ಕಳಿಸಿದವರಿಗೆ ಜಗಳವಾಡದೆ ಕಾರಣ ತಿಳಿಸಿ.

ಹೋಗದ ಕಲೆಯೊಂದು ಟೈಲ್ಸ್ ಮೇಲೆ ಉಳಿದರೆ ಯಾರಿಗೂ ನಷ್ಟವಿಲ್ಲ. ಇನ್ನೊಂದು ದಿನ, ಇನ್ನೊಂದು ವಿಧಾನದಲ್ಲಿ ಅದನ್ನು ತೆಗೆಯಬಹುದು.